ತನ್ನ ತಪ್ಪಿಗೇ ಸಿಕ್ಕಿಬೀಳುವ ಕ್ಯಾನ್ಸರ್

ಮೂವತ್ತಮೂರು ರೋಗಿಗಳಲ್ಲಿ ಒಬ್ಬರಿಗೆ ಮಾತ್ರ ಫಲ ಕೊಟ್ಟ ಔಷಧವನ್ನು ಮಾಮೂಲಿ ಲೆಕ್ಕದಲ್ಲಿ ‘ಫೇಲ್’ ಎಂದು ಬದಿಗಿಡುತ್ತಾರೆ. 2010ರ ಆಸುಪಾಸಿನಲ್ಲಿ ಅಮೆರಿಕದಲ್ಲಿ ಪಿಡಿ-1 ಎಂಬ ಪ್ರೋಟೀನಿಗೆ ಅಂಟಿಕೊಂಡು ಅದನ್ನು ತಡೆಯುವ ಹೊಸ ಔಷಧಗಳ ಪ್ರಯೋಗ ನಡೆಯುತ್ತಿತ್ತು. ಇವು ಕ್ಯಾನ್ಸರನ್ನು ನೇರವಾಗಿ ಕೊಲ್ಲುವುದಿಲ್ಲ. ದೇಹದ ರೋಗನಿರೋಧಕ ಕೋಶಗಳನ್ನು ಬಿಡುಗಡೆ ಮಾಡಿ, ಆ ಕೆಲಸವನ್ನು ಅವುಗಳಿಂದಲೇ ಮಾಡಿಸುತ್ತವೆ. ಮೆಲನೋಮಾ ಎಂಬ ಚರ್ಮದ ಕ್ಯಾನ್ಸರ್, ಶ್ವಾಸಕೋಶದ ಕ್ಯಾನ್ಸರ್, ಮೂತ್ರಪಿಂಡದ ಕ್ಯಾನ್ಸರ್‌ಗಳಲ್ಲಿ ಕೆಲವು ರೋಗಿಗಳ ಗಡ್ಡೆಗಳು ಕರಗತೊಡಗಿದಾಗ ವೈದ್ಯರೇ ಬೆರಗಾದರು. ದೊಡ್ಡಕರುಳಿನ ಕ್ಯಾನ್ಸರಿನ ಮುಂದೆ ಮಾತ್ರ ಈ ಔಷಧಗಳ ಆಟ ನಡೆಯಲಿಲ್ಲ. ಮೊದಮೊದಲ ಪ್ರಯೋಗಗಳಲ್ಲಿ ಇವನ್ನು ಪಡೆದ ಇಂಥ 33 ರೋಗಿಗಳ ಪೈಕಿ ಸ್ಪಂದಿಸಿದ್ದು ಒಬ್ಬರು.

ಆದರೆ ಆ ಒಬ್ಬರ ಕಾಯಿಲೆ ಅರೆಬರೆ ಕುಗ್ಗಿದ್ದಲ್ಲ, ಪೂರ್ತಿ ಮಾಯವಾಗಿತ್ತು. ಮೂರು ವರ್ಷ ಕಳೆದ ಮೇಲೂ ಮರಳಿರಲಿಲ್ಲ. ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಸಂಸ್ಥೆಯ ಸಂಶೋಧಕರು 32 ಸೋಲುಗಳನ್ನು ಬಿಟ್ಟು ಈ ಒಂದು ಗೆಲುವಿನ ಬೆನ್ನು ಹತ್ತಿದರು. ಆ ಗಡ್ಡೆಯಲ್ಲಿ ಅಂಥದ್ದೇನಿತ್ತು? ಪರೀಕ್ಷೆ ಮಾಡಿದಾಗ ಸಿಕ್ಕ ಉತ್ತರ ವಿಚಿತ್ರವಾಗಿತ್ತು. ಅದು ಉಳಿದ ಗಡ್ಡೆಗಳಿಗಿಂತ ಹೆಚ್ಚು ಕೆಟ್ಟುಹೋಗಿದ್ದ ಗಡ್ಡೆ. ಅದರ ಡಿಎನ್‌ಎಯಲ್ಲಿ ತಪ್ಪುಗಳ ರಾಶಿಯೇ ಇತ್ತು.

ದೊಡ್ಡಕರುಳಿನ ಕ್ಯಾನ್ಸರುಗಳಲ್ಲಿ ಡಿಎನ್‌ಎ ಕೆಡುವ ದಾರಿ ಮುಖ್ಯವಾಗಿ ಎರಡು. ಹೆಚ್ಚಿನವುಗಳಲ್ಲಿ ಇಡೀ ವರ್ಣತಂತುಗಳೇ ಅಸ್ತವ್ಯಸ್ತವಾಗುತ್ತವೆ. ತುಂಡುಗಳು ಕಳಚುತ್ತವೆ, ಎಲ್ಲಿಯದೋ ಎಲ್ಲಿಗೋ ಸೇರುತ್ತದೆ, ಒಂದಿರಬೇಕಾದಲ್ಲಿ ಮೂರಿರುತ್ತವೆ. ಸುಮಾರು ಶೇ 15ರಷ್ಟು ಗಡ್ಡೆಗಳಲ್ಲಿ ವರ್ಣತಂತುಗಳು ನೋಡಲು ಹೆಚ್ಚುಕಡಿಮೆ ಸರಿಯಾಗಿಯೇ ಇರುತ್ತವೆ. ಅಲ್ಲಿ ಕೆಡುವುದು ಅಕ್ಷರಗಳ ಮಟ್ಟದಲ್ಲಿ. ಈ ಎರಡನೆಯ ಬಗೆಗೆ ವೈದ್ಯರು ಎಂಎಸ್‌ಐ ಎನ್ನುತ್ತಾರೆ. ಮೈಕ್ರೋಸ್ಯಾಟಲೈಟ್ ಇನ್‌ಸ್ಟೆಬಿಲಿಟಿ ಎಂಬುದರ ಚುಟುಕು ರೂಪ. ಹೆಸರು ಕೇಳಿ ಗಾಬರಿಯಾಗಬೇಕಿಲ್ಲ. ಒಳಗಿನ ಸಂಗತಿ ಪತ್ರಿಕಾ ಕಚೇರಿಯ ಕರಡು ತಿದ್ದುವ ಮೇಜಿನಷ್ಟೇ ಸರಳ.

ಒಂದು ಜೀವಕೋಶ ಎರಡಾಗುವಾಗ ಸುಮಾರು 600 ಕೋಟಿ ಅಕ್ಷರಗಳ ಡಿಎನ್‌ಎಯನ್ನು ಮರುನಕಲು ಮಾಡಬೇಕು. ನಕಲು ಮಾಡುವ ಕಿಣ್ವ ಎಷ್ಟು ಚುರುಕಿದ್ದರೂ ಕೋಟಿಗೊಂದರಂತೆ ತಪ್ಪು ನುಸುಳುತ್ತದೆ. ಅದರ ಹಿಂದೆಯೇ ಕರಡು ತಿದ್ದುವವರ ತಂಡವೊಂದು ಬರುತ್ತದೆ. ಎಂಎಸ್‌ಎಚ್2 ಮತ್ತು ಎಂಎಸ್‌ಎಚ್6 ಎಂಬ ಜೋಡಿ ಪ್ರೋಟೀನುಗಳು ತಪ್ಪನ್ನು ಗುರುತಿಸುತ್ತವೆ. ಎಂಎಲ್‌ಎಚ್1 ಮತ್ತು ಪಿಎಂಎಸ್2 ಎಂಬ ಇನ್ನೊಂದು ಜೋಡಿ ಆ ಭಾಗವನ್ನು ಕತ್ತರಿಸಿ ತೆಗೆಸುತ್ತದೆ. ಬಳಿಕ ಅಲ್ಲಿ ಸರಿಯಾದ ಅಕ್ಷರಗಳು ತುಂಬಿಕೊಳ್ಳುತ್ತವೆ. ಇದಕ್ಕೆ ಮಿಸ್‌ಮ್ಯಾಚ್ ರಿಪೇರ್, ಅಂದರೆ ಎಂಎಂಆರ್, ಎಂದು ಹೆಸರು. ಇದು ಕೆಲಸ ಮಾಡುವ ಬಗೆಯನ್ನು ಬ್ಯಾಕ್ಟೀರಿಯಾದಿಂದ ಹಿಡಿದು ಬಿಡಿಬಿಡಿಯಾಗಿ ತೋರಿಸಿಕೊಟ್ಟ ಪಾಲ್ ಮಾಡ್ರಿಚ್ ಅವರಿಗೆ 2015ರಲ್ಲಿ ರಸಾಯನ ವಿಜ್ಞಾನದ ನೊಬೆಲ್ ಸಂದಿತು. ಜತೆಗೆ ಹಂಚಿಕೊಂಡವರು ತೋಮಸ್ ಲಿಂಡಾಲ್ ಮತ್ತು ಅಜೀಜ್ ಸಂಜಾರ್.

ಕರಡು ತಿದ್ದುವ ಆ ನಾಲ್ಕು ಪ್ರೋಟೀನುಗಳಲ್ಲಿ ಒಂದು ಗೈರುಹಾಜರಾದರೂ ಕಚೇರಿಯ ಕೆಲಸ ಕೆಡುತ್ತದೆ. ಮೊದಲು ಎಡವಟ್ಟಾಗುವುದು ಒಂದೇ ಅಕ್ಷರ ಸಾಲಾಗಿ ಬರುವ ಕಡೆ. ಡಿಎನ್‌ಎಯಲ್ಲಿ ‘ಎ’ ಎಂಬ ಅಕ್ಷರ ಹತ್ತು ಸಲ, ಇಪ್ಪತ್ತಾರು ಸಲ ಸತತವಾಗಿ ಬರುವ ಜಾಗಗಳಿವೆ. ಇಂಥ ಪುನರಾವರ್ತನೆಗಳೇ ಮೈಕ್ರೋಸ್ಯಾಟಲೈಟುಗಳು. ಇಲ್ಲಿ ನಕಲು ಮಾಡುವ ಕಿಣ್ವ ಜಾರಿ ಒಂದು ಅಕ್ಷರ ಬಿಟ್ಟುಬಿಡುತ್ತದೆ, ಇಲ್ಲವೇ ಒಂದು ಹೆಚ್ಚಿಗೆ ಸೇರಿಸುತ್ತದೆ. ತಿದ್ದುವವರಿಲ್ಲದಿದ್ದರೆ ಆ ತಪ್ಪು ಹಾಗೇ ಅಚ್ಚಾಗುತ್ತದೆ.

ಒಂದಕ್ಷರ ಹೋದರೆ ಏನು ಮಹಾ ಎನ್ನಬಹುದು. ಡಿಎನ್‌ಎಯನ್ನು ಕೋಶವು ಮೂರು ಮೂರು ಅಕ್ಷರಗಳ ಗುಂಪಾಗಿ ಓದುತ್ತದೆ ಎಂಬುದನ್ನು ನೆನಪಿಡಬೇಕು. ‘ಅವನ ಮಗಳ ಕವನ ಸರಳ’ ಎಂಬ ಸಾಲನ್ನೇ ತೆಗೆದುಕೊಳ್ಳಿ. ಇದರಲ್ಲಿ ‘ಗ’ ಒಂದನ್ನು ಕಳೆದು, ಮತ್ತೆ ಮೂರು ಮೂರಾಗಿಯೇ ಓದಿ: ‘ಅವನ ಮಳಕ ವನಸ ರಳ’. ಮೊದಲ ಪದ ಸರಿಯಿದೆ. ಅಲ್ಲಿಂದಾಚೆ ಬರೀ ಗೊಂದಲ. ಕೋಶ ಈ ಗೊಂದಲವನ್ನೂ ನಿಷ್ಠೆಯಿಂದ ಪ್ರೋಟೀನಾಗಿ ತಯಾರಿಸುತ್ತದೆ. ಹಾಗೆ ಹುಟ್ಟುವ ಬಾಲ ಮನುಷ್ಯದೇಹದಲ್ಲಿ ಹಿಂದೆಂದೂ ಇರದಿದ್ದಂಥದ್ದು. ವೈರಸ್ಸಿನ ಪ್ರೋಟೀನು ಎಷ್ಟು ಅಪರಿಚಿತವೋ ಇದೂ ಅಷ್ಟೇ ಅಪರಿಚಿತ.

ನಮ್ಮ ಪ್ರತಿಯೊಂದು ಕೋಶವೂ ತನ್ನೊಳಗೆ ತಯಾರಾಗುವ ಪ್ರೋಟೀನುಗಳ ಚೂರುಗಳನ್ನು ಹೊರಮೈಮೇಲೆ ಎತ್ತಿ ತೋರಿಸುತ್ತಿರುತ್ತದೆ. ಎಂಟು ಹತ್ತು ಅಮೈನೊ ಆಮ್ಲಗಳಷ್ಟು ಉದ್ದದ ಚೂರುಗಳು. ಟಿ ಕೋಶಗಳು ಓಡಾಡುತ್ತ ಅವನ್ನು ಪರೀಕ್ಷಿಸುತ್ತವೆ. ಸ್ವಂತದ್ದು ಎನಿಸಿದರೆ ಮುಂದಕ್ಕೆ ಹೋಗುತ್ತವೆ, ಪರಕೀಯ ಎನಿಸಿದರೆ ಆ ಕೋಶವನ್ನು ಕೊಲ್ಲುತ್ತವೆ. ಸಾಮಾನ್ಯ ಕರುಳಿನ ಕ್ಯಾನ್ಸರಿನಲ್ಲಿ ಪರಕೀಯವಾಗಿ ಕಾಣುವ ಚೂರುಗಳು ಕಡಿಮೆ. ಎಂಎಂಆರ್ ಕೆಟ್ಟ ಗಡ್ಡೆಯಲ್ಲಿ ಅವು ಹೇರಳ. ಹಾಪ್ಕಿನ್ಸ್ ತಂಡ ಎಣಿಸಿದಾಗ, ಎಂಎಂಆರ್ ಕೆಟ್ಟ ಗಡ್ಡೆಗಳಲ್ಲಿ ಸರಾಸರಿ 1,782 ರೂಪಾಂತರಗಳು ಸಿಕ್ಕವು. ಎಂಎಂಆರ್ ಸರಿಯಿದ್ದ ಗಡ್ಡೆಗಳಲ್ಲಿ 73.

ಇದರಲ್ಲೊಂದು ಸ್ವಾರಸ್ಯವಿದೆ, ಸ್ವಲ್ಪ ನಿಂತು ನೋಡಬೇಕಾದದ್ದು. ಕರುಳಿನ ಕೋಶಕ್ಕೆ ‘ಬೆಳೆದದ್ದು ಸಾಕು’ ಎಂಬ ಸಂದೇಶ ಮುಟ್ಟಿಸುವ ಟಿಜಿಎಫ್‌ಬಿಆರ್2 ಎಂಬ ವಂಶವಾಹಿಯಲ್ಲಿ ಹತ್ತು ‘ಎ’ಗಳು ಸಾಲಾಗಿವೆ. ಅದರಲ್ಲೊಂದು ಬಿದ್ದುಹೋದರೆ ಕೋಶಕ್ಕೆ ಆ ಸಂದೇಶ ಕೇಳಿಸುವುದಿಲ್ಲ, ಅದು ಎಗ್ಗಿಲ್ಲದೆ ಬೆಳೆಯುತ್ತದೆ. ಅಂದರೆ ಕ್ಯಾನ್ಸರಿಗೆ ಈ ತಪ್ಪಿನಿಂದ ಲಾಭ. ಆದರೆ ಅದೇ ತಪ್ಪು ಒಂದು ಅಪರಿಚಿತ ಬಾಲವನ್ನೂ ಹುಟ್ಟಿಸಿ, ಟಿ ಕೋಶಗಳ ಕಣ್ಣಿಗೆ ಗಡ್ಡೆಯನ್ನು ಹಿಡಿದುಕೊಡುತ್ತದೆ. ಇಂಥ ಬಹುಪಾಲು ಗಡ್ಡೆಗಳಲ್ಲಿ ತಪ್ಪು ಇದೇ ಜಾಗದಲ್ಲಿ ಆಗುವುದರಿಂದ, ಒಬ್ಬ ರೋಗಿಯಲ್ಲಿ ಕಾಣುವ ಆ ಬಾಲ ಇನ್ನೊಂದು ದೇಶದ ಇನ್ನೊಬ್ಬ ರೋಗಿಯಲ್ಲೂ ತದ್ವತ್ತಾಗಿ ಕಾಣುತ್ತದೆ. ಈ ಮಾತು ಲಸಿಕೆಯ ಪ್ರಸ್ತಾಪ ಬಂದಾಗ ಉಪಯೋಗಕ್ಕೆ ಬರುತ್ತದೆ.

ಸೂಕ್ಷ್ಮದರ್ಶಕದಡಿ ಈ ಕಾಳಗ ಸಲೀಸಾಗಿ ಕಾಣುತ್ತದೆ. ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಗಡ್ಡೆಯ ಚೂರನ್ನು ಮೇಣದಲ್ಲಿ ಹುದುಗಿಸಿ, ಕೂದಲಿಗಿಂತ ತೆಳುವಾಗಿ ಸೀಳಿ, ಗಾಜಿನ ಪಟ್ಟಿಯ ಮೇಲಿಟ್ಟು ಎಂಎಲ್‌ಎಚ್1 ಪ್ರೋಟೀನನ್ನು ಹುಡುಕುವ ಬಣ್ಣ ಹಾಕುತ್ತಾರೆ. ಪ್ರೋಟೀನು ಇರುವ ಕೋಶಕೇಂದ್ರಗಳು ಕಂದು ಬಣ್ಣಕ್ಕೆ ತಿರುಗುತ್ತವೆ, ಇಲ್ಲದವು ತಿಳಿನೀಲಿಯಾಗಿ ಉಳಿಯುತ್ತವೆ. ಈ ಪ್ರೋಟೀನು ಕಳೆದುಕೊಂಡ ಗಡ್ಡೆಯ ಸ್ಲೈಡಿನಲ್ಲಿ ಕ್ಯಾನ್ಸರ್ ಕೋಶಗಳೆಲ್ಲ ನೀಲಿ. ಅವುಗಳ ನಡುವೆ ನುಗ್ಗಿ ಕುಳಿತ ಚಿಕ್ಕ ಚಿಕ್ಕ ದುಂಡು ಕೋಶಗಳು ಕಂದು. ಆ ಕಂದು ಚುಕ್ಕೆಗಳೇ ಲಿಂಫೊಸೈಟುಗಳು, ರೋಗಿಯ ಸ್ವಂತ ರೋಗನಿರೋಧಕ ಕೋಶಗಳು. ಬಣ್ಣ ಸರಿಯಾಗಿ ಹತ್ತಿದೆ ಎಂಬುದಕ್ಕೆ ಪ್ಯಾಥಾಲಜಿಸ್ಟರು ಆಧಾರವಾಗಿ ನೋಡುವುದೂ ಅವನ್ನೇ. ಗಡ್ಡೆ ಮುಂದೊತ್ತುತ್ತಿರುವ ಅಂಚಿನಲ್ಲಿ ಈ ಕೋಶಗಳು ಗುಂಪುಗುಂಪಾಗಿ ನೆರೆದಿರುವುದೂ ಉಂಟು.

ಈ ಗುಂಪು ವೈದ್ಯರಿಗೆ ಹೊಸದಾಗಿರಲಿಲ್ಲ. ಕರುಳಿನ ಬಲಭಾಗದ ಕೆಲವು ಗಡ್ಡೆಗಳಲ್ಲಿ ಲಿಂಫೊಸೈಟುಗಳು ಕಿಕ್ಕಿರಿದಿರುತ್ತವೆ, ಅಂಥ ಗಡ್ಡೆ ನೋಟಕ್ಕೆ ಉಗ್ರವಾಗಿದ್ದರೂ ರೋಗಿ ಹೆಚ್ಚು ಕಾಲ ಬದುಕುತ್ತಾನೆ ಎಂಬುದನ್ನು ಪ್ಯಾಥಾಲಜಿಸ್ಟರು ಗಮನಿಸಿದ್ದರು. ಕಾರಣ ಹೊಳೆದಿರಲಿಲ್ಲ. 1993ರಲ್ಲಿ ಮೂರು ತಂಡಗಳು ಬೇರೆ ಬೇರೆಯಾಗಿ ಎಂಎಸ್‌ಐಯನ್ನು ಕಂಡವು: ಮ್ಯಾನುಯೆಲ್ ಪೆರೂಚೊ ಅವರ ತಂಡ, ಮೇಯೊ ಕ್ಲಿನಿಕ್ಕಿನ ಸ್ಟೀಫನ್ ಥಿಬೊಡೊ ಅವರ ತಂಡ, ಮತ್ತು ಹಾಪ್ಕಿನ್ಸ್‌ನ ಬರ್ಟ್ ವೋಗಲ್‌ಸ್ಟೈನ್ ಹಾಗೂ ಫಿನ್ಲೆಂಡಿನ ಆಲ್ಬರ್ಟ್ ಡೆ ಲಾ ಶಪೆಲ್ ಅವರ ಜಂಟಿ ತಂಡ. ಅದೇ ವರ್ಷದ ಕೊನೆಗೆ ಎಂಎಸ್‌ಎಚ್2 ವಂಶವಾಹಿ ಸಿಕ್ಕಿತು, ಮರುವರ್ಷ ಎಂಎಲ್‌ಎಚ್1. ಅಷ್ಟಾದರೂ ಈ ಗಡ್ಡೆಗಳ ಸುತ್ತ ಟಿ ಕೋಶಗಳು ಏಕೆ ಸೇರುತ್ತವೆ ಎಂಬ ಪ್ರಶ್ನೆಯಿಂದ ಚಿಕಿತ್ಸೆಯೊಂದು ಹುಟ್ಟಲು ಇನ್ನೂ ಇಪ್ಪತ್ತು ವರ್ಷ ಹಿಡಿಯಿತು. ವಂಶವಾಹಿಯವರು ಒಂದು ಕಡೆ, ರೋಗನಿರೋಧಕ ಶಾಸ್ತ್ರದವರು ಇನ್ನೊಂದು ಕಡೆ ಕೂತಿದ್ದೂ ತಡಕ್ಕೆ ಒಂದು ಕಾರಣ ಎಂದು ನನ್ನ ಅನಿಸಿಕೆ.

ಇದೇ ಕಥೆಯ ಇನ್ನೊಂದು ಎಳೆ ಇನ್ನೂ ಹಳೆಯದು. 1895ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದ ಪ್ಯಾಥಾಲಜಿಸ್ಟ್ ಆಲ್ಡ್ರೆಡ್ ಸ್ಕಾಟ್ ವಾರ್ಥಿನ್ ಅವರಿಗೆ, ಬಟ್ಟೆ ಹೊಲಿಯುತ್ತಿದ್ದ ಹೆಂಗಸೊಬ್ಬಳು ತಾನು ಬೇಗ ಸಾಯುವವಳು ಎಂದು ಹೇಳಿದಳು. ಹೊಟ್ಟೆಯದೋ ಕರುಳಿನದೋ ಗರ್ಭಕೋಶದ್ದೋ ಕ್ಯಾನ್ಸರ್ ಬಂದೇ ಬರುತ್ತದೆ, ತಮ್ಮ ಮನೆಯಲ್ಲಿ ಎಲ್ಲರೂ ಹಾಗೇ ಸತ್ತಿದ್ದಾರೆ ಎಂಬುದು ಅವಳ ಮಾತು. ವಾರ್ಥಿನ್ ಅದನ್ನು ಹೆದರಿಕೆ ಎಂದು ತಳ್ಳಿಹಾಕದೆ ಅವಳ ವಂಶವೃಕ್ಷ ಬರೆಯತೊಡಗಿದರು. 1913ರಲ್ಲಿ ‘ಜಿ ಕುಟುಂಬ’ ಎಂಬ ಹೆಸರಿನಲ್ಲಿ ಅದು ಪ್ರಕಟವಾಯಿತು. ಆಕೆ ಹೇಳಿದಂತೆಯೇ ಗರ್ಭಕೋಶದ ಕ್ಯಾನ್ಸರಿನಿಂದ ತೀರಿಕೊಂಡಳು. ಆ ಮನೆಯವರಲ್ಲಿ ಹರಿದುಬಂದದ್ದು ಎಂಎಸ್‌ಎಚ್2 ವಂಶವಾಹಿಯ ದೋಷ ಎಂದು ಗೊತ್ತಾದದ್ದು 2000ದಲ್ಲಿ, ಆಕೆ ಬಾಯಿಬಿಟ್ಟು ಒಂದು ಶತಮಾನ ಕಳೆದ ಮೇಲೆ.

ವಾರ್ಥಿನ್ ಅವರ ಬಗ್ಗೆ ಒಂದು ಮಾತು ಸೇರಿಸಲೇಬೇಕು. ಅವರು ಆ ಕಾಲದ ಸುಜನನವಾದದ ಪರವಾಗಿದ್ದವರು; ‘ಕೆಟ್ಟ’ ವಂಶಗಳು ಮುಂದುವರಿಯಬಾರದು ಎಂಬ ವಾದಕ್ಕೂ ಈ ಅಧ್ಯಯನವನ್ನು ಎಳೆದುಕೊಂಡರು. ಆಮೇಲೆ ಕ್ಯಾನ್ಸರ್ ವಂಶಪಾರಂಪರ್ಯ ಎಂಬ ಮಾತನ್ನು ವೈದ್ಯಲೋಕ ಬಹುಕಾಲ ಹತ್ತಿರ ಬಿಟ್ಟುಕೊಳ್ಳಲಿಲ್ಲ. ಅದನ್ನು ಮತ್ತೆ ಕೈಗೆತ್ತಿಕೊಂಡವರು ನೆಬ್ರಾಸ್ಕಾ ರಾಜ್ಯದ ಹೆನ್ರಿ ಲಿಂಚ್. ಹಿಂದೆ ಬಾಕ್ಸಿಂಗ್ ಅಖಾಡದಲ್ಲಿ ಗುದ್ದಾಡಿದ್ದ ಈ ವೈದ್ಯರು 1966ರಲ್ಲಿ ಇಂಥವೇ ಎರಡು ದೊಡ್ಡ ಕುಟುಂಬಗಳ ವಿವರ ಪ್ರಕಟಿಸಿದರು. ಸಂಶೋಧನೆಗೆ ಹಣ ಕೇಳಿದ ಅರ್ಜಿಗಳು ವರ್ಷಗಟ್ಟಲೆ ತಿರಸ್ಕೃತವಾದರೂ ಹಟ ಬಿಡಲಿಲ್ಲ. ಇಂದು ಆ ಕಾಯಿಲೆಗೆ ಅವರದೇ ಹೆಸರು: ಲಿಂಚ್ ಸಿಂಡ್ರೋಮ್. ತಂದೆ ಅಥವಾ ತಾಯಿಯಲ್ಲಿ ಈ ದೋಷವಿದ್ದರೆ ಪ್ರತಿ ಮಗುವಿಗೂ ಅದು ಬರುವ ಸಾಧ್ಯತೆ ಅರ್ಧಕ್ಕರ್ಧ. ಎಂಎಸ್‌ಐ ಗಡ್ಡೆಗಳೆಲ್ಲ ಲಿಂಚ್‌ನಿಂದಲೇ ಆದವಲ್ಲ. ಶೇ 15ರಲ್ಲಿ ಸುಮಾರು 3 ಪಾಲು ಮಾತ್ರ ವಂಶದ್ದು. ಉಳಿದವುಗಳಲ್ಲಿ ವಯಸ್ಸಾದಂತೆ ಎಂಎಲ್‌ಎಚ್1 ವಂಶವಾಹಿ ಆ ಗಡ್ಡೆಯ ಮಟ್ಟಿಗೆ ಸುಮ್ಮನಾಗಿಬಿಟ್ಟಿರುತ್ತದೆ, ಅದು ಮಕ್ಕಳಿಗೆ ಹೋಗುವಂಥದ್ದಲ್ಲ.

ಟಿ ಕೋಶಗಳು ಗಡ್ಡೆಯೊಳಗೆ ನುಗ್ಗಿದ್ದರೂ ಗಡ್ಡೆ ಬೆಳೆಯುವುದೇಕೆ? ಉತ್ತರ ಜಪಾನಿನಿಂದ ಬಂತು. ಕ್ಯೋಟೊದಲ್ಲಿ ತಾಸುಕು ಹೋಂಜೊ ಅವರ ಪ್ರಯೋಗಾಲಯ 1992ರಲ್ಲಿ ಟಿ ಕೋಶಗಳ ಮೇಲೆ ಪಿಡಿ-1 ಎಂಬ ಪ್ರೋಟೀನನ್ನು ಗುರುತಿಸಿತ್ತು. ಟಿ ಕೋಶ ಮಿತಿಮೀರಿ ಸ್ವಂತ ದೇಹವನ್ನೇ ಹಾಳುಮಾಡದಂತೆ ತಡೆಯುವುದು ಅದರ ಕೆಲಸ. ಸತತವಾಗಿ ದಾಳಿಗೊಳಗಾಗುವ ಗಡ್ಡೆ ಪಿಡಿ-ಎಲ್1 ಎಂಬ ಜೋಡಿ ಪ್ರೋಟೀನಿನ ಮೂಲಕ ಅದೇ ತಡೆಯನ್ನು ಒತ್ತಿ ಹಿಡಿದು ಟಿ ಕೋಶವನ್ನು ಸುಮ್ಮನಾಗಿಸುತ್ತದೆ. ಹಾಪ್ಕಿನ್ಸ್ ತಂಡ 2015ರ ಆರಂಭದಲ್ಲಿ ತೋರಿಸಿದಂತೆ, ಎಂಎಸ್‌ಐ ಗಡ್ಡೆಗಳಲ್ಲಿ ಇಂಥ ತಡೆಗಳು ಒಂದಲ್ಲ, ಹಲವು. ಒಳಗೆ ಸೈನ್ಯವಿದೆ, ಕೈಕಟ್ಟಿ ನಿಂತಿದೆ. ಔಷಧ ಮಾಡಬೇಕಾದದ್ದು ಆ ಕಟ್ಟು ಬಿಚ್ಚುವುದಷ್ಟೇ. ಹೋಂಜೊ ಮತ್ತು ಇಂಥದೇ ಇನ್ನೊಂದು ತಡೆಯ ಮೇಲೆ ಕೆಲಸ ಮಾಡಿದ್ದ ಜೇಮ್ಸ್ ಆಲಿಸನ್ ಇಬ್ಬರಿಗೂ 2018ರಲ್ಲಿ ವೈದ್ಯಕೀಯ ನೊಬೆಲ್ ಬಂತು.

2015ರ ಮೇ ತಿಂಗಳಿನಲ್ಲಿ ಹಾಪ್ಕಿನ್ಸ್‌ನ ಡುಂಗ್ ಲೆ, ಲೂಯಿಸ್ ಡಯಾಜ್ ಮತ್ತವರ ಸಂಗಡಿಗರು ಫಲಿತಾಂಶ ಪ್ರಕಟಿಸಿದರು. ಒಟ್ಟು 41 ರೋಗಿಗಳ ಪುಟ್ಟ ಪ್ರಯೋಗ, ಔಷಧ ಪೆಂಬ್ರೊಲಿಝುಮ್ಯಾಬ್. ಎಂಎಂಆರ್ ಸರಿಯಿದ್ದ ಕರುಳಿನ ಕ್ಯಾನ್ಸರಿನ 18 ಮಂದಿಯಲ್ಲಿ ಒಬ್ಬರ ಗಡ್ಡೆಯೂ ಕುಗ್ಗಲಿಲ್ಲ. ಎಂಎಂಆರ್ ಕೆಟ್ಟ 10 ಮಂದಿಯಲ್ಲಿ 4 ಮಂದಿಯ ಗಡ್ಡೆ ಕುಗ್ಗಿತು. ಕರುಳಿನಾಚೆಯ ಬೇರೆ ಅಂಗಗಳ ಎಂಎಂಆರ್ ಕೆಟ್ಟ ಕ್ಯಾನ್ಸರಿನಲ್ಲಿ 7ರಲ್ಲಿ 5. ಮೂವತ್ತಮೂರರಲ್ಲಿ ಒಬ್ಬರ ಒಗಟು ಬಿಡಿಸಿತು. ಎರಡು ವರ್ಷದ ಬಳಿಕ, 2017ರ ಮೇ 23ರಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಈ ಔಷಧಕ್ಕೆ ಕೊಟ್ಟ ಅನುಮತಿ ಹಿಂದೆಂದೂ ಇಲ್ಲದ ಬಗೆಯದು. ಗಡ್ಡೆ ಯಾವ ಅಂಗದಲ್ಲಿದೆ ಎಂಬುದು ಮುಖ್ಯವಲ್ಲ, ಎಂಎಂಆರ್ ಕೆಟ್ಟಿದ್ದರೆ ಸಾಕು. ಸ್ತನದ ಕ್ಯಾನ್ಸರ್, ಕರುಳಿನ ಕ್ಯಾನ್ಸರ್ ಎಂದು ಅಂಗದ ಹೆಸರಿನಲ್ಲಿಯೇ ಇಲಾಖೆ ಕಟ್ಟಿಕೊಂಡು ಬಂದ ವೈದ್ಯಶಾಸ್ತ್ರಕ್ಕೆ ಇದು ಸಣ್ಣ ಬದಲಾವಣೆಯಲ್ಲ.

ಮುಂದಿನದು ಬೇಗ ಬೇಗ ಆಯಿತು. ದೇಹದೆಲ್ಲೆಡೆ ಹರಡಿದ ಎಂಎಸ್‌ಐ ಕರುಳಿನ ಕ್ಯಾನ್ಸರಿನ 307 ರೋಗಿಗಳಲ್ಲಿ ಕೀಮೊಥೆರಪಿಗೂ ಪೆಂಬ್ರೊಲಿಝುಮ್ಯಾಬಿಗೂ ಹೋಲಿಕೆ ನಡೆದು 2020ರಲ್ಲಿ ಫಲಿತಾಂಶ ಬಂತು. ಕಾಯಿಲೆ ಮುಂದುವರಿಯದೆ ನಿಂತ ಮಧ್ಯಮ ಅವಧಿ ಕೀಮೊದಲ್ಲಿ 8.2 ತಿಂಗಳು, ಹೊಸ ಔಷಧದಲ್ಲಿ 16.5 ತಿಂಗಳು. ತೀವ್ರ ಅಡ್ಡಪರಿಣಾಮ ಕಂಡವರು ಕೀಮೊದಲ್ಲಿ ಶೇ 66, ಇದರಲ್ಲಿ ಶೇ 22.

ಆದರೆ ನಿಜವಾದ ಅಚ್ಚರಿ ಕಾದಿದ್ದದ್ದು, ಕ್ಯಾನ್ಸರ್ ಇನ್ನೂ ಹರಡದಿದ್ದ ರೋಗಿಗಳಲ್ಲಿ. ಗುದನಾಳದ ಕ್ಯಾನ್ಸರಿಗೆ ರೂಢಿಯ ಚಿಕಿತ್ಸೆ ಎಂದರೆ ಕೀಮೊ, ವಿಕಿರಣ, ಆಮೇಲೆ ಶಸ್ತ್ರಚಿಕಿತ್ಸೆ. ಇದರಿಂದ ಬದುಕುಳಿದವರು ಅನೇಕರು. ಬೆಲೆಯೂ ದೊಡ್ಡದು. ಕೆಲವರಿಗೆ ಮಲದ್ವಾರವನ್ನೇ ಮುಚ್ಚಿ, ಹೊಟ್ಟೆಯ ಮೇಲೆ ಮಾಡಿದ ಕಿಂಡಿಗೆ ಚೀಲ ಕಟ್ಟಿಕೊಂಡು ಜೀವನಪೂರ್ತಿ ಕಳೆಯಬೇಕು. ವಿಕಿರಣದಿಂದ ಹೆಣ್ಣುಮಕ್ಕಳ ಅಂಡಾಶಯ ಕೆಡುತ್ತದೆ. ಲೈಂಗಿಕ ಶಕ್ತಿ, ಮೂತ್ರದ ಹಿಡಿತ ಹೋಗುವುದೂ ಇದೆ. ನ್ಯೂಯಾರ್ಕಿನ ಮೆಮೊರಿಯಲ್ ಸ್ಲೋನ್ ಕೆಟರಿಂಗ್ ಆಸ್ಪತ್ರೆಯ ಆಂಡ್ರಿಯಾ ಸರ್ಸೆಕ್ ಮತ್ತು ಅಷ್ಟರಲ್ಲಿ ಅಲ್ಲಿಗೆ ಬಂದಿದ್ದ ಡಯಾಜ್, ಎಂಎಂಆರ್ ಕೆಟ್ಟ ಗುದನಾಳದ ಕ್ಯಾನ್ಸರಿಗೆ ಈ ಮೂರೂ ಬೇಡ, ಮೊದಲು ಡೊಸ್ಟಾರ್ಲಿಮ್ಯಾಬ್ ಎಂಬ ಪಿಡಿ-1 ತಡೆಯುವ ಔಷಧವನ್ನೇ ಮೂರು ವಾರಕ್ಕೊಮ್ಮೆ ಆರು ತಿಂಗಳು ಕೊಟ್ಟು ನೋಡೋಣ ಎಂದರು. 2022ರ ಜೂನ್‌ನಲ್ಲಿ ಬಂದ ಮೊದಲ ವರದಿಯಲ್ಲಿ ಚಿಕಿತ್ಸೆ ಮುಗಿಸಿದ್ದವರು 12 ಮಂದಿ. ಹನ್ನೆರಡೂ ಜನರಲ್ಲಿ ಗಡ್ಡೆ ಕಾಣದಾಯಿತು: ಎಂಆರ್‌ಐಯಲ್ಲಿ ಇಲ್ಲ, ಎಂಡೊಸ್ಕೊಪಿಯಲ್ಲಿ ಇಲ್ಲ, ಬೆರಳಿಟ್ಟು ನೋಡಿದರೆ ಇಲ್ಲ, ಬಯಾಪ್ಸಿಯಲ್ಲೂ ಇಲ್ಲ. ಯಾರಿಗೂ ವಿಕಿರಣ ಬೇಕಾಗಲಿಲ್ಲ, ಯಾರಿಗೂ ಕತ್ತರಿ ಬೀಳಲಿಲ್ಲ. ಹನ್ನೆರಡು ಚಿಕ್ಕ ಸಂಖ್ಯೆ, ನಿಜ. 2025ರಲ್ಲಿ ಅದೇ ತಂಡ ಮತ್ತೆ ವರದಿ ಕೊಟ್ಟಾಗ ಚಿಕಿತ್ಸೆ ಪೂರೈಸಿದ ಗುದನಾಳದ ರೋಗಿಗಳು 49, ಗಡ್ಡೆ ಮಾಯವಾದವರೂ 49. ಕ್ಯಾನ್ಸರ್ ಚಿಕಿತ್ಸೆಯಲ್ಲಿ ನೂರಕ್ಕೆ ನೂರು ಎಂಬ ಅಂಕಿ ಕಂಡರೆ ಅನುಮಾನ ಪಡುವುದು ಒಳ್ಳೆಯ ಅಭ್ಯಾಸ. ಇಲ್ಲಿ ಆ ಅನುಮಾನ ಸದ್ಯಕ್ಕೆ ಸೋತಿದೆ.

ದೊಡ್ಡಕರುಳಿನ ಮೇಲ್ಭಾಗದ ಗಡ್ಡೆಗಳ ಮೇಲೆ ಆಮ್‌ಸ್ಟರ್‌ಡ್ಯಾಮ್‌ನ ನೆದರ್ಲೆಂಡ್ಸ್ ಕ್ಯಾನ್ಸರ್ ಸಂಸ್ಥೆಯಲ್ಲಿ ಮಿರಿಯಂ ಶಲಾಬಿ ಪ್ರಯೋಗ ನಡೆಸಿದರು. ಶಸ್ತ್ರಚಿಕಿತ್ಸೆಗೆ ಮೊದಲು ಪಿಡಿ-1 ತಡೆಯುವ ನಿವೊಲುಮ್ಯಾಬ್ ಎರಡು ಡೋಸು, ಇನ್ನೊಂದು ಬಗೆಯ ತಡೆ ಬಿಚ್ಚುವ ಇಪಿಲಿಮುಮ್ಯಾಬ್ ಒಂದು ಡೋಸು, ಅಷ್ಟೇ. ಕೆಲವೇ ವಾರಗಳ ಬಳಿಕ ಕತ್ತರಿಸಿ ತೆಗೆದ ಕರುಳನ್ನು ಪರೀಕ್ಷಿಸಿದಾಗ 111 ಮಂದಿಯ ಪೈಕಿ ಶೇ 68ರಷ್ಟು ಜನರಲ್ಲಿ ಜೀವಂತ ಕ್ಯಾನ್ಸರ್ ಕೋಶ ಒಂದೂ ಉಳಿದಿರಲಿಲ್ಲ. ಹಾಗಾದರೆ ಶಸ್ತ್ರಚಿಕಿತ್ಸೆಯೇ ಬೇಕಿತ್ತೇ ಎಂಬ ಪ್ರಶ್ನೆ ಈಗ ವೈದ್ಯರ ಮುಂದಿದೆ.

ಇಷ್ಟೆಲ್ಲ ಓದಿ ಕ್ಯಾನ್ಸರ್ ಗೆದ್ದಾಯಿತು ಎಂದುಕೊಂಡರೆ ತಪ್ಪಾಗುತ್ತದೆ. ಕರುಳಿನ ಕ್ಯಾನ್ಸರಿನ ಸುಮಾರು ಶೇ 85ರಷ್ಟು ರೋಗಿಗಳಿಗೆ ಈ ಔಷಧಗಳಿಂದ ಹೆಚ್ಚಿನ ಪ್ರಯೋಜನವಿಲ್ಲ. ಹರಡಿದ ಹಂತದಲ್ಲಂತೂ ಎಂಎಸ್‌ಐ ಗಡ್ಡೆ ಇರುವವರು ನೂರಕ್ಕೆ ನಾಲ್ಕೈದು ಮಂದಿ ಮಾತ್ರ. ಆ ನಾಲ್ಕೈದು ಮಂದಿಯಲ್ಲೂ ಎಲ್ಲರಿಗೂ ಫಲವಿಲ್ಲ. 307 ಜನರ ಆ ಪ್ರಯೋಗದಲ್ಲಿ ಇಮ್ಯುನೊಥೆರಪಿ, ಅಂದರೆ ರೋಗನಿರೋಧಕ ಕೋಶಗಳ ಕಟ್ಟು ಬಿಚ್ಚುವ ಈ ಚಿಕಿತ್ಸೆ, ಪಡೆದವರ ಪೈಕಿ ಹೆಚ್ಚುಕಡಿಮೆ ಶೇ 30ರಷ್ಟು ರೋಗಿಗಳಲ್ಲಿ ಕಾಯಿಲೆ ಮೊದಲಿನಿಂದಲೇ ಮುಂದುವರಿದಿತ್ತು.

ಗಡ್ಡೆಯೂ ಸುಮ್ಮನೆ ಕೂರುವುದಿಲ್ಲ. ಪ್ರೋಟೀನು ಚೂರುಗಳನ್ನು ಹೊರಮೈಗೆ ಎತ್ತಿ ತೋರಿಸಲು ಬಿ2ಎಂ ಎಂಬ ಇನ್ನೊಂದು ಪ್ರೋಟೀನಿನ ಆಸರೆ ಬೇಕು. ಎಂಎಸ್‌ಐ ಗಡ್ಡೆಗಳಲ್ಲಿ ಸುಮಾರು ಮೂರರಲ್ಲೊಂದು ಆ ಬಿ2ಎಂ ಅನ್ನೇ ಕಳೆದುಕೊಂಡು ಟಿ ಕೋಶಗಳ ಕಣ್ಣಿನಿಂದ ಮರೆಯಾಗುತ್ತದೆ. ಅಲ್ಲಿಗೆ ಆಟ ಮುಗಿಯಬೇಕಿತ್ತು. ವೈದ್ಯರ ಅನುಭವ ಬೇರೆ ಹೇಳಿತು: ಬಿ2ಎಂ ಇಲ್ಲದ ಗಡ್ಡೆಗಳೂ ಅನೇಕ ಸಲ ಔಷಧಕ್ಕೆ ಕರಗಿದವು. ಡಚ್ ಸಂಶೋಧಕರು 2023ರಲ್ಲಿ ಕಾರಣ ಹುಡುಕಿದರು. ಗಾಮಾ-ಡೆಲ್ಟಾ ಎಂಬ ಬೇರೊಂದು ಬಗೆಯ ಟಿ ಕೋಶಗಳು ಅಲ್ಲಿ ಕೆಲಸಕ್ಕೆ ಇಳಿದಿದ್ದವು. ಇವಕ್ಕೆ ಆ ಚೂರುಗಳ ಹಂಗೇ ಬೇಡ.

ಅಡ್ಡಪರಿಣಾಮಗಳೂ ಇವೆ. ತಡೆ ಬಿಚ್ಚಿದ ಟಿ ಕೋಶಗಳು ಥೈರಾಯ್ಡ್, ಕರುಳು, ಶ್ವಾಸಕೋಶ, ಅಪರೂಪಕ್ಕೆ ಹೃದಯದ ಸ್ನಾಯುವಿನ ಮೇಲೂ ಎರಗಬಹುದು. ಕೆಲವರು ಉಳಿದ ಆಯುಷ್ಯಪೂರ್ತಿ ಹಾರ್ಮೋನ್ ಮಾತ್ರೆ ನುಂಗಬೇಕಾಗುತ್ತದೆ.

ಇಂಥ ಕ್ಯಾನ್ಸರ್ ಬರುವ ಮೊದಲೇ ದೇಹವನ್ನು ತಯಾರು ಮಾಡಬಹುದೇ? ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ ಮಥಿಯಾಸ್ ಕ್ಲೋರ್, ಮ್ಯಾಗ್ನಸ್ ಫಾನ್ ಕ್ನೇಬೆಲ್ ಡೋಬೆರಿಟ್ಸ್ ತಂಡದವರು ಲಿಂಚ್ ದೋಷವಿದ್ದೂ ಆರೋಗ್ಯವಾಗಿರುವವರ ರಕ್ತ ನೋಡಿದರು. ಮೇಲೆ ಹೇಳಿದ ಅಪರಿಚಿತ ಬಾಲಗಳನ್ನು ಗುರುತಿಸುವ ಟಿ ಕೋಶಗಳು ಅವರಲ್ಲಿ ಆಗಲೇ ಇದ್ದವು. ಅವರ ಕರುಳಿನ ಒಳಪದರದಲ್ಲಿ ಎಂಎಂಆರ್ ಕೆಟ್ಟ ಪುಟ್ಟ ಪುಟ್ಟ ತಾಣಗಳೂ ಕಂಡವು; ಕ್ಯಾನ್ಸರಾಗುವುದಕ್ಕಿಂತ ಎಷ್ಟೋ ಹೆಚ್ಚಿನ ಸಂಖ್ಯೆಯಲ್ಲಿ. ಅಂದರೆ ಹುಟ್ಟಿದ ತಾಣಗಳೆಲ್ಲ ಗಡ್ಡೆಯಾಗುತ್ತಿಲ್ಲ, ಬಹುಶಃ ದೇಹವೇ ಅನೇಕವನ್ನು ಸದ್ದಿಲ್ಲದೆ ಒರೆಸಿಹಾಕುತ್ತಿದೆ. ಈ ಬಲವನ್ನು ಮೊದಲೇ ಹೆಚ್ಚಿಸಲು, ಅನೇಕ ರೋಗಿಗಳಲ್ಲಿ ಸಮಾನವಾಗಿ ಕಾಣುವ ಬಾಲಗಳನ್ನು ಸೇರಿಸಿ ಮಾಡಿದ ಲಸಿಕೆಗಳು ಪ್ರಯೋಗದ ಹಂತದಲ್ಲಿವೆ. ಅವುಗಳಲ್ಲೊಂದಾದ ನೌಸ್-209ರಲ್ಲಿ ಇಂಥ 209 ತುಣುಕುಗಳಿವೆ.

ಲಸಿಕೆ ಬರುವ ತನಕ ಕೈಯಲ್ಲಿರುವ ಉಪಾಯಗಳು ತೀರಾ ಸಾದಾ. ಫಿನ್ಲೆಂಡಿನಲ್ಲಿ ಲಿಂಚ್ ಕುಟುಂಬಗಳ 252 ಮಂದಿಯನ್ನು 15 ವರ್ಷ ಗಮನಿಸಿದಾಗ, ಮೂರು ವರ್ಷಕ್ಕೊಮ್ಮೆ ಕೊಲೊನೊಸ್ಕೊಪಿ ಮಾಡಿಸಿದವರಲ್ಲಿ ಕರುಳಿನ ಕ್ಯಾನ್ಸರ್ ಶೇ 62ರಷ್ಟು ಕಡಿಮೆಯಾಯಿತು. ಈಗ ಒಂದೆರಡು ವರ್ಷಕ್ಕೊಮ್ಮೆ ಮಾಡಿಸಲು ಹೇಳುತ್ತಾರೆ. ಇಂಗ್ಲೆಂಡಿನ ನ್ಯೂಕ್ಯಾಸಲ್‌ನ ಜಾನ್ ಬರ್ನ್ ನೇತೃತ್ವದಲ್ಲಿ 861 ಮಂದಿಯ ಮೇಲೆ ನಡೆದ ಪ್ರಯೋಗದಲ್ಲಿ ದಿನಕ್ಕೆ 600 ಮಿಲಿಗ್ರಾಂ ಆಸ್ಪಿರಿನ್ ನುಂಗಿದ 427 ಮಂದಿಯಲ್ಲಿ 40 ಜನರಿಗೆ, ಬರೀ ಹುಸಿಮಾತ್ರೆ ನುಂಗಿದ 434 ಮಂದಿಯಲ್ಲಿ 58 ಜನರಿಗೆ ಕರುಳಿನ ಕ್ಯಾನ್ಸರ್ ಬಂತು. ಇದನ್ನು ಓದಿ ಮೆಡಿಕಲ್ ಶಾಪಿಗೆ ಓಡಬೇಡಿ. ಲಿಂಚ್ ಇದೆ ಎಂದು ಖಚಿತವಾದವರ ಮಾತು ಇದು, ಅದೂ ವೈದ್ಯರ ಕಣ್ಗಾವಲಿನಲ್ಲಿ.

ನಮ್ಮ ನೆಲಕ್ಕೆ ಬಂದರೆ ಚಿತ್ರ ಬೇರೆ. ಮಲದಲ್ಲಿ ರಕ್ತ ಕಂಡರೆ ಅದು ಮೂಲವ್ಯಾಧಿಯೇ ಎಂದು ನಾವು ತೀರ್ಮಾನಿಸಿಬಿಡುತ್ತೇವೆ. ಬಸ್ ನಿಲ್ದಾಣದ ಗೋಡೆಗಳ ಮೇಲೆ ‘ಆಪರೇಶನ್ ಇಲ್ಲದೆ ಶಾಶ್ವತ ಪರಿಹಾರ’ದ ಜಾಹೀರಾತಿಗೆ ಬರವಿಲ್ಲ. ಹೀಗೆ ತಿಂಗಳುಗಟ್ಟಲೆ ಲೇಪ, ಕಷಾಯದಲ್ಲಿ ಕಳೆದು ದೊಡ್ಡಾಸ್ಪತ್ರೆಗೆ ಬರುವ ಹೊತ್ತಿಗೆ ಗಡ್ಡೆ ದೊಡ್ಡದಾಗಿರುತ್ತದೆ. ಇನ್ನು ಔಷಧದ ಬೆಲೆ. ಪಿಡಿ-1 ತಡೆಯುವ ಔಷಧಗಳು ಲಕ್ಷಗಳ ಲೆಕ್ಕದವು, ಅದೂ ಮೂರು ವಾರಕ್ಕೊಮ್ಮೆ. ಈ ನಿಟ್ಟಿನಲ್ಲಿ ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆಯ ವೈದ್ಯರು ಮಾಡಿದ್ದು ಧೈರ್ಯದ ಕೆಲಸ. ತಲೆ ಮತ್ತು ಕುತ್ತಿಗೆ ಭಾಗದ ಕ್ಯಾನ್ಸರಿಗೆ ಅವರು ರೂಢಿಯ ಪ್ರಮಾಣದ ಶೇ 6ರಷ್ಟು, ಅಂದರೆ ಕೇವಲ 20 ಮಿಲಿಗ್ರಾಂ ನಿವೊಲುಮ್ಯಾಬ್ ಸೇರಿಸಿ ನೋಡಿದರು. ಒಂದು ವರ್ಷ ಬದುಕಿದ್ದವರ ಪ್ರಮಾಣ ಶೇ 16.3ರಿಂದ 43.4ಕ್ಕೆ ಏರಿತು. ಕರುಳಿನ ಕ್ಯಾನ್ಸರಿಗೆ ಅದನ್ನು ಹಾಗೇ ಅನ್ವಯಿಸಲಾಗದು. ಆದರೆ ಕಂಪನಿ ಬರೆದುಕೊಟ್ಟ ಡೋಸೇ ಕೊನೆಯ ಮಾತಲ್ಲ ಎಂಬುದನ್ನು ಬಡ ದೇಶವೊಂದರ ಆಸ್ಪತ್ರೆ ತೋರಿಸಿಕೊಟ್ಟಿತು.

ಕರ್ನಾಟಕಕ್ಕೆ ಹೆಚ್ಚು ತಟ್ಟಬೇಕಾದ ಇನ್ನೊಂದು ವಿಷಯವಿದೆ. ಎಂಎಂಆರ್ ದೋಷ ತಂದೆ ತಾಯಿ ಇಬ್ಬರಿಂದಲೂ ಬಂದರೆ ಮಗುವಿನ ದೇಹದ ಒಂದು ಕೋಶದಲ್ಲೂ ತಪ್ಪು ತಿದ್ದುವವರಿರುವುದಿಲ್ಲ. ಅಂಥ ಮಕ್ಕಳಿಗೆ ಬಾಲ್ಯದಲ್ಲೇ ಮಿದುಳಿನ, ರಕ್ತದ, ಕರುಳಿನ ಕ್ಯಾನ್ಸರ್ ಬರುತ್ತದೆ; ಮೈಮೇಲೆ ಹಾಲು ಕಾಫಿ ಬಣ್ಣದ ಮಚ್ಚೆಗಳಿರುತ್ತವೆ. ಇದು ಅಪರೂಪ, ಆದರೆ ರಕ್ತಸಂಬಂಧದ ಮದುವೆಗಳಿರುವ ಸಮಾಜಗಳಲ್ಲಿ ಅಷ್ಟು ಅಪರೂಪವಲ್ಲ. ಸೋದರಮಾವನಿಗೆ, ಅತ್ತೆಯ ಮಗನಿಗೆ ಹೆಣ್ಣು ಕೊಡುವ ರೂಢಿ ನಮ್ಮಲ್ಲಿ ಇಂದಿಗೂ ಇದೆ. ರಾಜ್ಯದಲ್ಲಿ ಹೆಚ್ಚುಕಡಿಮೆ ನಾಲ್ಕು ಮದುವೆಗಳಲ್ಲಿ ಒಂದು ಹೀಗೆ ಸಂಬಂಧದೊಳಗೇ ಆಗುವಂಥದ್ದು ಎಂದು ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ಇಂಥ ಮಕ್ಕಳಿಗೂ ಇಮ್ಯುನೊಥೆರಪಿ ಆಸೆ ತಂದಿದೆ. ಟೊರಾಂಟೊ ಮಕ್ಕಳ ಆಸ್ಪತ್ರೆಯ ತಂಡ 2016ರಲ್ಲಿ, ಎರಡೂ ಕಡೆಯಿಂದ ದೋಷ ಪಡೆದು ಮಿದುಳಿನ ಗ್ಲಿಯೊಬ್ಲಾಸ್ಟೊಮಾ ಮರುಕಳಿಸಿದ್ದ ಒಡಹುಟ್ಟಿದ ಮಕ್ಕಳಿಬ್ಬರಿಗೆ ನಿವೊಲುಮ್ಯಾಬ್ ಕೊಟ್ಟು, ಬೇರೆ ಯಾವ ಔಷಧವೂ ಬಗ್ಗಿಸದ ಆ ಗಡ್ಡೆಗಳನ್ನು ಕುಗ್ಗಿಸಿದ್ದನ್ನು ವರದಿ ಮಾಡಿತು.

ಔಷಧ ದುಬಾರಿ, ನಿಜ. ಎಂಎಂಆರ್ ಪರೀಕ್ಷೆ ಹಾಗಲ್ಲ. ಬಯಾಪ್ಸಿಯ ಅದೇ ಚೂರಿಗೆ ನಾಲ್ಕು ಪ್ರೋಟೀನುಗಳ ಬಣ್ಣ ಹಾಕಿ ನೋಡುವ ಕೆಲಸ, ಖರ್ಚು ಕೆಲವು ಸಾವಿರ ರೂಪಾಯಿ. ಇದರಿಂದ ಬೇಡದ ಕೀಮೊ ತಪ್ಪಬಹುದು. ಎರಡನೇ ಹಂತದ ಎಂಎಸ್‌ಐ ಗಡ್ಡೆಗೆ 5-ಫ್ಲೋರೊಯುರಾಸಿಲ್ ಎಂಬ ಕೀಮೊ ಔಷಧ ಒಂದನ್ನೇ ಕೊಟ್ಟರೆ ಲಾಭವಿಲ್ಲ ಎಂಬುದು 2003ರಿಂದಲೂ ಗೊತ್ತಿರುವ ಸಂಗತಿ. ಗುದನಾಳದ ರೋಗಿಗೆ ಶಸ್ತ್ರಚಿಕಿತ್ಸೆಯೇ ತಪ್ಪಬಹುದು. ದೋಷ ವಂಶದ್ದು ಎಂದು ತಿಳಿದರೆ ಅಣ್ಣತಮ್ಮಂದಿರು, ಅಕ್ಕತಂಗಿಯರು, ಮಕ್ಕಳು ಕ್ಯಾನ್ಸರ್ ಬರುವ ಮೊದಲೇ ಎಚ್ಚರಗೊಳ್ಳಬಹುದು. ಕರುಳಿನ ಕ್ಯಾನ್ಸರಿನ ಪ್ರತಿಯೊಬ್ಬ ರೋಗಿಗೂ, ವಯಸ್ಸು ಎಷ್ಟೇ ಇರಲಿ, ಸರ್ಕಾರಿ ಯೋಜನೆಯಲ್ಲೇ ಈ ಪರೀಕ್ಷೆ ಸಿಗಬೇಕು ಎಂದು ಕೇಳುವುದು ಅತಿಯಾಸೆಯಲ್ಲ.

ಅಲ್ಲಿಯವರೆಗೆ ಮನೆಯವರು ಮಾಡಬಹುದಾದದ್ದು ಇಷ್ಟು. ಬಯಾಪ್ಸಿ ವರದಿ ಕೈಗೆ ಬಂದಾಗ ‘ಎಂಎಂಆರ್ ನೋಡಿದ್ದೀರಾ ಡಾಕ್ಟ್ರೇ?’ ಎಂದು ಚಿಕಿತ್ಸೆ ಶುರುವಾಗುವ ಮೊದಲೇ ಕೇಳಿ. ಗಡ್ಡೆಯ ಚೂರಿರುವ ಮೇಣದ ಬ್ಲಾಕ್ ಲ್ಯಾಬಿನಲ್ಲಿ ಇರುತ್ತದೆ. ಆಪರೇಶನ್ ಆಗಿ ವರ್ಷವಾಗಿದ್ದರೂ ಅದರಿಂದಲೇ ಪರೀಕ್ಷೆ ಮಾಡಬಹುದು. ಮನೆಯಲ್ಲಿ ಯಾರಿಗೆ, ಎಷ್ಟನೇ ವಯಸ್ಸಿನಲ್ಲಿ, ಯಾವ ಕ್ಯಾನ್ಸರ್ ಬಂದಿತ್ತು ಎಂಬುದನ್ನು ತಂದೆಯ ಕಡೆ, ತಾಯಿಯ ಕಡೆ ಎರಡನ್ನೂ ಸೇರಿಸಿ ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ. ಗರ್ಭಕೋಶದ ಕ್ಯಾನ್ಸರನ್ನು ಆ ಪಟ್ಟಿಯಿಂದ ಬಿಡಬೇಡಿ.